ಈರಬಡ ಊರ ಬಾಗಿಲು ಒರೆಸಿದ್ದು

ಸರಿದು ಕೂತ್ಕಳಿ, ಇನ್ನೊಂಚೂರು ಹತ್ತಿರ ಬನ್ನಿ. ಇದು ಗಟ್ಟಿಯಾಗಿ ಹೇಳೋ ಕತೆಯಲ್ಲ.

ಒಂದೂರು. ಊರಿಗೆ ಮೊದಲನೇ ಮನೆ ಓಬಕ್ಕನದು. ಓಬಕ್ಕನಿಗೆ ಗಂಡ ಇಲ್ಲ. ಮೀಸೆ ಬಂದ ಮಗ ಒಬ್ಬನಿದ್ದ, ಈರಬಡ ಅಂತ. ಇದ್ದ ಅಂದರೆ ಇದ್ದ, ಅಷ್ಟೇ! ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಒಂದು ಕೂದಲೆಳೆ ಆಚೆ ಈಚೆ ಇಲ್ಲ. "ಎಮ್ಮೆ ಮೇಲೆ ಒಂದು ಕಣ್ಣಿಟ್ಟಿರೋ" ಅಂದರೆ ಇನ್ನೊಂದು ಕಣ್ಣನ್ನು ಕೈಯಲ್ಲಿ ಮುಚ್ಚಿಕೊಂಡು ಸಂಜೆವರೆಗೂ ಕೂತಿರೋನು. ಎಮ್ಮೆ ಆ ಮುಚ್ಚಿದ ಕಣ್ಣಿನ ಕಡೆಯಿಂದಲೇ ಹೊರಟುಹೋಗೋದು.

"ಯಾಕ್ಲಾ ಬಿಟ್ಟೆ?"

"ನೀನು ಒಂದೇ ಕಣ್ಣು ಅಂದ್ಯಲ್ಲವ್ವಾ!"

ಓಬಕ್ಕ ಹಣೆ ಚಚ್ಚಿಕೊಳ್ಳೋಳು. ಚಚ್ಚಿಕೊಂಡು ಚಚ್ಚಿಕೊಂಡು ಹಣೆ ಸವೆದಿತ್ತು.

ಹೀಗಿರುವಾಗ ಊರಿನ ಅಧ್ಯಕ್ಷ ತಿಪ್ಪೇರುದ್ರಣ್ಣನಿಗೆ ಒಂದು ಹುಚ್ಚು ಹಿಡಿಯಿತು. ತಾಲೂಕಿನಲ್ಲಿ ಚೆಂದದ ಊರು ಅಂತ ಒಂದು ಪ್ರಶಸ್ತಿ ಕೊಡುತ್ತಾರಂತೆ. ಊರು ಚೊಕ್ಕಟವಾಗಿರಬೇಕು, ಗಿಡ ಮರ ಇರಬೇಕು, ನೋಡಿದವರ ಕಣ್ಣು ತಣ್ಣಗಾಗಬೇಕು. ಅಧ್ಯಕ್ಷ ಅರ್ಜಿ ಹಾಕೇಬಿಟ್ಟ. ಹಾಕಿದವನು ನೆಟ್ಟಗೆ ಓಬಕ್ಕನ ಮನೆಗೆ ಬಂದ.

"ಓಬಕ್ಕಾ, ಕಮಿಟಿ ಬರ್ತದೆ. ಕಮಿಟಿ ಕಣ್ಣಿಗೆ ಮೊದ್ಲು ಬೀಳೋದೇ ನಿನ್ನ ಈ ಹಾಳು ಮನೆ. ಪ್ರಶಸ್ತಿ ಬಂತಾ, ಮನೆ ಉಳೀತು, ಸುಣ್ಣ ನಾನೇ ಹೊಡಿಸ್ತೀನಿ. ಬರ್ಲಿಲ್ವಾ, ಜೇಸಿಬಿ ತರಿಸ್ತೀನಿ!"

"ನಾನೆಲ್ಲಿಗೆ ಹೋಗ್ಲಿ ತಿಪ್ಪೇರುದ್ರಣ್ಣಾ? ಸೇರಕ್ಕಿ ಒದ್ದು ಒಳಕ್ಕೆ ಬಂದ ಮನೆ ಕಣಪ್ಪಾ!"

"ಅಂಗಾದ್ರೆ ನಿನ್ನ ಮಗನ್ನ ಕೆಲಸಕ್ಕೆ ಕಳಿಸು."

ಓಬಕ್ಕ ಮಗನನ್ನು ಹತ್ತಿರ ಕರೆದಳು. ಮಗನ ಕೈಗೆ ಮನೆಯ ಗತಿ ಬಂತಲ್ಲ! "ಮಗಾ, ಅವರು ಹೇಳಿದಂಗೆ ಮಾಡು. ಒಂಚೂರೂ ಬಿಡಬ್ಯಾಡ. ಈ ಮನೆ ಹೋದ್ರೆ ನಾವು ಬೀದಿಪಾಲು."

"ಆಗ್ಲಿ ಕಣವ್ವಾ!"

ಅಧ್ಯಕ್ಷ ಅವನ ಕೈಗೆ ಪೊರಕೆ ಕೊಟ್ಟು ಕಟ್ಟೆಯ ಬೇವಿನ ಮರದ ಕೆಳಗೆ ನಿಲ್ಲಿಸಿದ. "ನೆಲದ ಮೇಲೆ ಒಂದು ಎಲೆ ಬೀಳಕೂಡದು, ತಿಳೀತಾ?"

ಈರಬಡ ಗುಡಿಸಿದ, ಎಲೆ ಬಿತ್ತು. ಗುಡಿಸಿದ, ಬಿತ್ತು. ಗುಡಿಸಿದ, ಮತ್ತೂ ಬಿತ್ತು. ಸೊಂಟದ ಮೇಲೆ ಕೈಯಿಟ್ಟು ಯೋಚನೆ ಮಾಡಿದ. ಮರ ಹತ್ತಿದ. ಕೊಂಬೆಯಿಂದ ಕೊಂಬೆಗೆ ಹೋಗಿ ಇದ್ದಬದ್ದ ಎಲೆಯನ್ನೆಲ್ಲ ಕಿತ್ತು ಮೂಟೆ ಕಟ್ಟಿದ. ಇನ್ನು ಬೀಳಲಿ ನೋಡೋಣ!

ಎಲೆಯ ಮರೆ ಹೋದಮೇಲೆ ಕಂಡಿತು. ತುದಿಕೊಂಬೆಯಲ್ಲಿ ಒಬ್ಬಳು ಹೆಂಗಸು ಕೂತಿದ್ದಳು. ಸುಮ್ಮನೆ ಕೂತಿದ್ದಳು. ಎಷ್ಟು ಕಾಲದಿಂದ ಕೂತಿದ್ದಳೋ, ಆ ಕೊಂಬೆ ಅವಳು ಕೂತ ಹಾಗೇ ಬಗ್ಗಿ ಬೆಳೆದಿತ್ತು.

"ಯಮ್ಮಾ, ನಿನ್ನ ಪಕ್ಕ ಎಲೆ ಏನಾರ ಉಳಿದಾವಾ?" ಅಂದ ಈರಬಡ.

ಅವಳು ಊರಿನ ಬಾಗಿಲುಗಳನ್ನೇ ನೋಡುತ್ತಿದ್ದಳು. ಈರಬಡ ಮೂಟೆ ಹೊತ್ತು ಇಳಿದು ಬಂದ.

ಅವ್ವನಿಗೆ ಹೇಳಿದ. ಓಬಕ್ಕ ಹಣೆ ಚಚ್ಚಿಕೊಂಡಳು. "ಮರ ಬೋಳು ಮಾಡಿ ಬಂದ್ಯಲ್ಲೋ ಹಾಳಾದೋನೇ! ಅವಳನ್ನ ಮಾತಾಡ್ಸಿದ್ಯಲ್ಲೋ! ಇನ್ನು ಏನನ್ನೂ ಕೀಳಬ್ಯಾಡ. ಗುಡಿಸು ಅಂದ್ರೆ ಗುಡಿಸು, ಒರೆಸು ಅಂದ್ರೆ ಒರೆಸು, ಅಷ್ಟೇ!"

"ಆಗ್ಲಿ ಕಣವ್ವಾ!"

ಮಾರನೇ ದಿನ ಮಧ್ಯಾಹ್ನ ಕಳೆದ ಮೇಲೆ ಅಧ್ಯಕ್ಷ ಅಂದ: "ಗೋಡೆ ಬಾಗಿಲೆಲ್ಲ ಗೀಚಿ ಇಟ್ಟವ್ರೆ, ಅಸಹ್ಯ! ಒಂದು ಅಕ್ಷರ ಕಾಣಕೂಡದು. ಒರೆಸು!"

ಒರೆಸು ಅಂದರೆ ಒರೆಸಿದ. ಒದ್ದೆ ಬಟ್ಟೆ ಹಿಡಿದು ಆ ತುದಿಯಿಂದ ಈ ತುದಿಗೆ, ಒಂದು ಬಾಗಿಲು ಬಿಡದೆ ಒರೆಸಿದ.

ಈಗ ಒಂದು ಮಾತು ಹೇಳಬೇಕು. ಆ ಊರಿನ ಬಾಗಿಲು ಬಾಗಿಲ ಮೇಲೂ ಸುಣ್ಣದಲ್ಲಿ 'ನಾಳೆ ಬಾ' ಅಂತ ಬರೆದಿತ್ತು. ಮುತ್ತಜ್ಜಂದಿರ ಕಾಲದಿಂದ ಬರೆಯುತ್ತಿದ್ದರು. ಮಟಮಟ ಮಧ್ಯಾಹ್ನ ಅವಳು ಮರ ಇಳಿದು ಬರುತ್ತಾಳೆ. ಮನೆಯವರ ದನಿಯಲ್ಲೇ ಹೆಸರು ಹಿಡಿದು ಕೂಗುತ್ತಾಳೆ. ಓಗೊಟ್ಟವರು ಎದ್ದು ಅವಳ ಹಿಂದೆ ನಡೆಯುತ್ತಾರೆ, ತಿರುಗಿ ಬರುವುದಿಲ್ಲ. ಬಾಗಿಲ ಮೇಲೆ ಬರೆದದ್ದನ್ನು ಓದಿದಳೋ, ಕೂಗದೆ ಹೋಗುತ್ತಾಳೆ. ಮಾರನೇ ದಿನ ಬರುತ್ತಾಳೆ, ಓದುತ್ತಾಳೆ, ಹೋಗುತ್ತಾಳೆ. ತಲೆಮಾರುಗಟ್ಟಲೆ ಅವಳನ್ನು ಹೀಗೇ ಸಾಗಹಾಕಿದ್ದರು.

ಸಂಜೆ ಓಬಕ್ಕ ಬಂದು ನೋಡುತ್ತಾಳೆ, ಬಾಗಿಲು ಬೋಳು!

"ಎಲ್ಲಾರ ಮನೇದೂ ಒರೆಸಿದ್ಯೇನೋ?"

"ಎಲ್ಲಾರದೂ ಕಣವ್ವಾ! ಒಂದಕ್ಷರ ಬಿಟ್ಟಿಲ್ಲ!"

"ಅಯ್ಯೋ ಮುಂಡೇದೇ! ಓಡು! ಎಲ್ಲ ಬಾಗಿಲಿಗೂ ಬರಿ! ಬಂದೋರು ಓದ್ಕಂಡು ಹೋಗಂಗೆ ಬರಿ!"

ಏನಂತ ಬರೆಯಬೇಕು ಅಂತ ಅವಳು ಹೇಳಲಿಲ್ಲ, ಇವನು ಕೇಳಲಿಲ್ಲ. ದಾರಿಯಲ್ಲಿ ಅಧ್ಯಕ್ಷ ಸಿಕ್ಕ.

"ಅಣ್ಣಾ, ಬಂದೋರು ಓದಂಗೆ ಬಾಗಿಲ ಮೇಲೆ ಏನಂತ ಬರೀಲಿ?"

"ಇನ್ನೇನು ಬರೀತಾರೆ, ಸುಸ್ವಾಗತ ಅಂತ ಬರಿ! ಅಗೋ ಆ ಬ್ಯಾನರ್ ನೋಡ್ಕಂಡು ಬರಿ!"

ಈರಬಡ ನೋಡಿಕೊಂಡು ಬರೆದ. ಎಲ್ಲ ಬಾಗಿಲಿಗೂ ಬರೆದ. ಓದು ಬಲ್ಲವರು ಕಂಡರು. ಕಮಿಟಿ ಬಂದು ಹೋಗಲಿ, ಆಮೇಲೆ ಮೊದಲಿನಂಗೆ ಬರಕೊಂಡರಾಯ್ತು ಅಂತ ಒಳಗೆ ಹೋದರು. ಬುದ್ಧಿವಂತರು ನೋಡಿ! ಓಬಕ್ಕನಿಗೆ ಓದು ಬಾರದು. ಬಾಗಿಲ ಮೇಲೆ ಸುಣ್ಣ ಕಂಡಿತು, ನೆಮ್ಮದಿಯಾಗಿ ಮಲಗಿದಳು.

ಬೆಳಗಾಯಿತು. "ಇವತ್ತು ಕಮಿಟಿ ಬರ್ತದೆ ಮಗಾ. ನಂಗೆ ತಲೆ ಸಿಡೀತೈತೆ, ಒಳಗೆ ಒರಗಿರ್ತೀನಿ. ಬಂದೋರಿಗೆ ನೀರು ಕೊಡು. ಏನು ಕೇಳಿದ್ರೂ ಇಲ್ಲ ಅನ್ನಬ್ಯಾಡ, ಮನೆ ಉಳೀಬೇಕು!"

"ಆಗ್ಲಿ ಕಣವ್ವಾ!"

ಹೊತ್ತು ನೆತ್ತಿಗೆ ಬಂತು. ಊರಿನ ಆ ತುದಿಯಲ್ಲಿ ಯಾರೋ ಯಾರನ್ನೋ ಕೂಗಿದರು. "ಬಂದೆ!" ಅಂತ ಒಂದು ದನಿ. ಆಮೇಲೆ ಸದ್ದಿಲ್ಲ. ಪಕ್ಕದ ಮನೆಯಲ್ಲಿ ಕೂಗಿದರು. "ಬಂದೆ!" ಸದ್ದಿಲ್ಲ. ಎಲ್ಲೋ ಮಿಕ್ಸಿ ತಿರುಗುತ್ತಿತ್ತು, ನಿಂತಿತು. ಒಂದು ಕೂಸು ಅಳುತ್ತಿತ್ತು, ಅದೂ ನಿಂತಿತು. ನಾಯಿಗಳು ಬಾಲ ಮುದುರಿ ಊರು ಬಿಟ್ಟು ಹೋದವು.

ಕಡೆಗೆ ಅವಳು ಓಬಕ್ಕನ ಬಾಗಿಲಿಗೆ ಬಂದು ನಿಂತಳು. ಹಿಂದೆ ಊರಿಗೆ ಊರೇ ಸಾಲಾಗಿ ನಿಂತಿತ್ತು. ಅಧ್ಯಕ್ಷನ ಕೈಯಲ್ಲಿ ಕಮಿಟಿಗೆ ಅಂತ ತಂದ ಹಾರ ಹಾಗೇ ಇತ್ತು. ಯಾರೂ ಕಣ್ಣು ಮಿಟುಕಿಸುತ್ತಿರಲಿಲ್ಲ. ಅವಳು ಬಾಗಿಲ ಮೇಲಿನ ಅಕ್ಷರದ ಮೇಲೆ ಬೆರಳಾಡಿಸಿ ನಿಧಾನಕ್ಕೆ ಓದಿದಳು.

"ಬರ್ರಿ, ಕಮಿಟಿಯವರಾ?" ಅಂದ ಈರಬಡ. ಚೊಂಬು ಕೊಟ್ಟ. ಅವಳು ಮುಟ್ಟಿದ್ದೇ ಚೊಂಬಿನ ನೀರು ಇಂಗಿಹೋಯಿತು.

"ಇದನ್ನ ಬರೆದೋನು ನೀನಾ?"

"ನಾನೇ."

"ಕರೆದೋನನ್ನ ಕರ್ಕಂಡು ಹೋಗಬಾರದು. ನೀನೊಬ್ಬ ಇರು. ಒಳಗೆ ಮಲಗವಳಲ್ಲ, ಅವಳನ್ನ ಕೊಡು."

ಇಲ್ಲ ಅನ್ನಬ್ಯಾಡ ಅಂದಿದ್ದಳಲ್ಲ ಅವ್ವ! "ತಗಳ್ಳಿ!" ಅಂದ. "ಅವ್ವಾ, ಕಮಿಟಿಯವರು ನಿನ್ನನ್ನ ಕೇಳ್ತಾವ್ರೆ!"

"ಬಂದೆ ಕಣಪ್ಪಾ," ಅಂತ ಓಬಕ್ಕ ಎದ್ದು ಬಂದಳು. ಬಾಗಿಲಲ್ಲಿ ನಿಂತವಳನ್ನು ಕಂಡಳು. ಓಗೊಟ್ಟಾಗಿತ್ತು, ಕಾಲು ಆಗಲೇ ಹೊಸಿಲು ದಾಟಿತ್ತು. ಆ ಒಂದು ದಿನ ಅವಳು ಮಗನನ್ನು ಬೈಯಲಿಲ್ಲ. ಅಳುತ್ತಾ ಅಂದಳು: "ಮಗಾ, ಬಾಗಿಲು ಹಾಕ್ಕೊ. ಯಾರು ಕೂಗಿದ್ರೂ ಓಗೊಡಬ್ಯಾಡ. ನನ್ನ ದನೀಲಿ ಕೂಗಿದ್ರೂ ಓಗೊಡಬ್ಯಾಡ!"

"ಆಗ್ಲಿ ಕಣವ್ವಾ!"

ಸ್ವಲ್ಪ ಹೊತ್ತಿಗೆ ಜೀಪು ಬಂತು. ನಿಜವಾದ ಕಮಿಟಿ! ಊರೆಲ್ಲ ಸುತ್ತಿ ಬೆರಗಾದರು. "ಏನು ಚೊಕ್ಕಟ ರೀ! ಗದ್ದಲ ಇಲ್ಲ, ಕಸ ಇಲ್ಲ! ಮರ ಪೂರ್ತಿ ಎಲೆ ಉದುರಿಸಿದ್ರೂ ನೆಲದ ಮೇಲೆ ಒಂದು ಎಲೆ ಇಲ್ಲ!"

"ಜನ ಎಲ್ಲಿ ಸಾರ್?"

"ಹೊಲಕ್ಕೆ ಹೋಗಿರ್ತಾರೆ. ಒಂದು ಮನೆಗೂ ಬೀಗ ಇಲ್ಲ ನೋಡಿ, ಎಂಥ ನಂಬಿಕೆ!"

ಓಬಕ್ಕನ ಬಾಗಿಲು ತಟ್ಟಿದರು. ಈರಬಡ ಉಸಿರೆತ್ತಲಿಲ್ಲ. ಪ್ರಶಸ್ತಿಯ ಫಲಕವನ್ನು ಆ ಮೊದಲನೇ ಮನೆಯ ಗೋಡೆಗೇ ಹೊಡೆದರು. ಇನ್ನು ಈ ಮನೆಯನ್ನು ಯಾರೂ ಮುಟ್ಟುವ ಹಾಗಿಲ್ಲ ಅಂದರು. ಹೋದರು. ಮನೆ ಉಳಿಯಿತು.

ಅತ್ತ ಬೋಳು ಮರದ ಕೆಳಗೆ, ಕಮಿಟಿಯವರ ಕಣ್ಣಿಗೆ ಕಾಣದ ಹಾಗೆ, ಓಬಕ್ಕ ಅವಳ ಕಾಲಿಗೆ ಬಿದ್ದಿದ್ದಳು. "ನನ್ನ ಮಗ ಪೆದ್ದ ಕಣೆ ತಾಯೀ. ಒಬ್ಬನೇ ಬದುಕೋನಲ್ಲ. ಬಿಟ್ಟುಬಿಡೇ!"

ಅವಳು ನಕ್ಕಳು. "ನಿಮ್ಮ ಬಾಗಿಲಲ್ಲಿ ನಿಂತು ನಿಂತು ಎಷ್ಟು ಕಾಲ ತಿರುಗಿ ಬಂದೆ! ಹೋಗ್ರಿ, ಈಗ ನೀವು ನಿಂತು ಕೂಗಿ. ಊರಲ್ಲಿ ಉಳಿದೋನು ಅವನೊಬ್ಬ. ಅವನು ಒಂದೇ ಒಂದು ಸಲ ಓಗೊಡಲಿ, ನಿಮ್ಮನ್ನೆಲ್ಲ, ಊರಿಗೆ ಊರನ್ನೇ ಬಿಟ್ಟುಬಿಡ್ತೀನಿ."

ಓಡಿ ಬಂದರು. ದಿನಾ ಮಧ್ಯಾಹ್ನ ಬರುತ್ತಾರೆ. "ಲೇ ಈರಬಡಾ! ಪ್ರಶಸ್ತಿ ಯಾರಿಗೆ ಬಂತೋ?" ಅಂತ ಅಧ್ಯಕ್ಷ ಕೂಗುತ್ತಾನೆ. ಕೂಸುಗಳು ಕೂಗುತ್ತವೆ. ಎಲ್ಲರಿಗಿಂತ ಮುಂದೆ ಓಬಕ್ಕ, ಬಾಗಿಲಿಗೆ ಹಣೆಯಿಟ್ಟು ಅಳುತ್ತಾಳೆ. "ಮಗಾ, ನಾನು ಕಣೋ! ನಿಜವಾಗ್ಲೂ ನಾನೇ! ಆಂ ಅನ್ನೋ ನನ್ನಪ್ಪಾ, ಒಂದೇ ಸಲ!"

ಒಳಗೆ ಈರಬಡ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುತ್ತಾನೆ. ಅವರು ಹೋದಮೇಲೆ ಕೈ ತೆಗೆದು ತನ್ನಷ್ಟಕ್ಕೆ ಅಂದುಕೊಳ್ಳುತ್ತಾನೆ: "ಅವ್ವ ಬರ್ಲಿ, ಹೇಳ್ತೀನಿ. ಈ ಸಲ ಒಂಚೂರೂ ತಪ್ಪು ಮಾಡ್ಲಿಲ್ಲ ಅಂತ."