ಸಾಕಮ್ಮನ ಮನೆಯ ಬಲ್ಬು

ವಠಾರಕ್ಕೆಲ್ಲ ಒಂದೇ ಮೀಟರು. ಯಾರ ಮನೆಯ ದೀಪ ಉರಿದರೂ ಮಾಲೀಕ ಶೇಷಾದ್ರಯ್ಯನವರ ಹೊಟ್ಟೆ ಉರಿಯುತ್ತಿತ್ತು. ಸಂಜೆಯಾದರೆ ಮನೆಮನೆಗೂ ತಪಾಸಣೆ. ಹೂ ಕಟ್ಟುವ ಸಾಕಮ್ಮನ ಮನೆಯಲ್ಲಂತೂ ಅವರು ಹೋದಾಗಲೆಲ್ಲ ಬಲ್ಬು ಉರಿಯುತ್ತಲೇ ಇರುತ್ತಿತ್ತು.

"ಯಾವಾಗ ಬಂದರೂ ಲೈಟು! ನಾಳಿದ್ದು ವೈರೇ ಕಿತ್ತುಹಾಕಿಸ್ತೀನಿ," ಎಂದು ಗದರಿದರು.

"ಹೂ ಕಟ್ಟೋಕೆ ನನಗ್ಯಾಕೆ ಲೈಟು ಸ್ವಾಮಿ? ಬೆರಳಿಗೇ ಗೊತ್ತು. ನಿಮ್ಮ ಚಪ್ಪಲಿ ಸದ್ದು ಕೇಳಿದ ಮೇಲೇ ಹಾಕೋದು. ಕತ್ತಲಲ್ಲಿ ಹೊಸ್ತಿಲು ಎಡವಿ ಬಿದ್ದುಬಿಟ್ಟೀರಿ ಅಂತ," ಎಂದಳು ಸಾಕಮ್ಮ.

ಶೇಷಾದ್ರಯ್ಯ ನಂಬಲಿಲ್ಲ. ಮರುದಿನ ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಬಂದರು. ಮನೆ ನಿಜಕ್ಕೂ ಕತ್ತಲಾಗಿತ್ತು. ಬಗ್ಗಿ ಇಣುಕಿದರು, ಹೊಸ್ತಿಲು ಎಡವಿದರು, ಹೂವಿನ ಬುಟ್ಟಿಯ ಮೇಲೆ ಬಿದ್ದರು.

"ಅಯ್ಯೋ, ಮೊದಲು ಲೈಟು ಹಾಕಮ್ಮ!"

ಸಾಕಮ್ಮ ಕತ್ತಲಲ್ಲೇ ಅವರ ಕೈ ಹಿಡಿದು ಎಬ್ಬಿಸಿದಳು.

"ಹಾಕ್ತೀನಿ ಸ್ವಾಮಿ. ಮೊದಲು ವೈರು ಇರಲಿ ಅನ್ನಿ."