ಸಹಿ ಬೀಳದ ಪತ್ರಿಕೆ

ಮಲಪ್ರಭೆಯ ದಂಡೆಯ ಮೇಲೆ ಪತ್ತಾರ ಮಾಸ್ತರರ ಚಿತ್ರಶಾಲೆ ಇತ್ತು. ಎರಡು ಕೋಣೆ, ಒಂದು ಪಡಸಾಲೆ, ಅಂಗಳದಲ್ಲಿ ಬೇವಿನ ಮರ. ಅಷ್ಟೇ.

ಅಲ್ಲೊಂದು ಪದ್ಧತಿ. ಕಲಿಕೆ ಮುಗಿಯುವ ಹೊತ್ತಿಗೆ ಪ್ರತಿಯೊಬ್ಬ ಶಿಷ್ಯನೂ ಒಂದು ಪತ್ರಿಕೆಯನ್ನು ಕೈಯಾರೆ ಮಾಡಬೇಕು. ಅಕ್ಷರ, ಚಿತ್ರ, ಹೊಲಿಗೆ ಎಲ್ಲವೂ ಕೈಯದೇ. ಪ್ರತಿ ಒಂದೇ. ಕೊನೆಯ ಪುಟದಲ್ಲಿ ಮಾಸ್ತರರ ಸಹಿ ಬಿದ್ದರೆ ಅದು ಪರೀಕ್ಷಕರ ಮುಂದೆ ಹೋಗುತ್ತದೆ. ಬೀಳದಿದ್ದರೆ ಇನ್ನೊಂದು ವರ್ಷ ಕಾಯಬೇಕು.

ದಾಕ್ಷಾಯಣಿಗೆ ಇನ್ನೊಂದು ವರ್ಷ ಇರಲಿಲ್ಲ. ಈ ಪರೀಕ್ಷೆಯ ತನಕ ಮಾತ್ರ ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ. ಪಾಸಾದರೆ ಅಕ್ಷರ ಬರೆದು ತನ್ನ ಅನ್ನ ತಾನು ಉಣ್ಣಬಹುದು. ಇಲ್ಲದಿದ್ದರೆ ಮನೆಗೆ ಬಂದು ಹೆಣ್ಣು ನೋಡಲು ಬರುವವರ ಮುಂದೆ ಕೂರಬೇಕು.

ಅವಳು ಮಾಡಿದ್ದು ಸಂಗೀತ ನಾಟಕದ ಪ್ರೇಮಿಗಳಿಗಾಗಿ ಒಂದು ಪತ್ರಿಕೆ. ರಾಣಿ ಜಗಳವನ್ನೂ ಹಾಡಿಯೇ ಆಡುವ, ರಾಜ ಮೂರು ನುಡಿ ಹಾಡಿಯೇ ಪ್ರಾಣ ಬಿಡುವ ಆ ಕಂಪನಿ ನಾಟಕಗಳ ಪ್ರೇಮಿಗಳಿಗಾಗಿ.

ಮೂರು ತಿಂಗಳು ಬೆನ್ನು ಬಗ್ಗಿಸಿ ದುಡಿದಿದ್ದಳು. ಕಪ್ಪು ಹಾಳೆ, ಅದರ ಮೇಲೆ ಬೆಳ್ಳಿಯ ಬಣ್ಣದ ಸಣ್ಣ ಅಕ್ಷರ. ನಡುವಿನ ಎರಡು ಪುಟದಲ್ಲಂತೂ ಒಂದು ಇಡೀ ಹಾಡನ್ನು ವೀಣೆಯ ಆಕಾರದಲ್ಲಿ ಬರೆದಿದ್ದಳು. ಕಂಡವರೆಲ್ಲ ಕಣ್ಣರಳಿಸಿದ್ದರು.

ಮಾಸ್ತರರು ಒಂದೊಂದೇ ಪುಟ ತಿರುವಿದರು. ಕೊನೆಯ ಪುಟಕ್ಕೆ ಬಂದರು. ಲೇಖನಿಯನ್ನು ಮುಟ್ಟಲಿಲ್ಲ.

"ಇದನ್ನ ಯಾರಿಗಂತ ಮಾಡಿದಿ?"

"ಸಂಗೀತ ನಾಟಕದ ಪ್ರೇಮಿಗಳಿಗ್ರಿ."

"ಹಂಗಾರ ಅವರಿಗೆ ಒಮ್ಮೆ ತೋರಿಸಿ ಬಾ. ಹೊಳಿ ಆಚೆ ಕಂಪನಿಯವರು ಟೆಂಟ್ ಹಾಕ್ಯಾರ. ಹೊರಗ ಸಾವಂತ್ರೆವ್ವ ಅಂತ ಒಬ್ಬಾಕಿ ಮಿರ್ಚಿ ಭಜಿ ಕರೀತಾಳ. ಅಕಿ ಕೈಯಾಗ ಕೊಡು."

"ಭಜಿ ಕರಿಯಾಕಿ ಕೈಯಾಗ?"

ಮಾಸ್ತರರು ಪತ್ರಿಕೆಯನ್ನು ಅವಳ ಕಡೆಗೆ ಸರಿಸಿದರು.

ದಾಕ್ಷಾಯಣಿಗೆ ಮೈಯೆಲ್ಲ ಉರಿದುಹೋಯಿತು. ಉರಿಯದೆ ಏನು ಮಾಡೀತು? ಮೂರು ತಿಂಗಳ ಕೆಲಸವನ್ನು ಎಣ್ಣೆ ಬಾಣಲೆಯ ಪಕ್ಕ ಇಟ್ಟು ಬಾ ಎಂದರೆ ಯಾರಿಗಾದರೂ ಉರಿಯುತ್ತದೆ. ಪತ್ರಿಕೆಯನ್ನು ಎತ್ತಿಕೊಂಡು ದೋಣಿಯಲ್ಲಿ ಹೊಳೆ ದಾಟಿದಳು.

ಸಾವಂತ್ರೆವ್ವನಿಗೆ ಅರವತ್ತು ದಾಟಿತ್ತು. ಕಂಪನಿ ಎಲ್ಲೆಲ್ಲಿ ಟೆಂಟ್ ಹಾಕುತ್ತದೋ ಅಲ್ಲಲ್ಲಿ ಒಲೆ ಹೂಡುವವಳು. ಸೆರಗಿಗೆ ಎರಡೂ ಕೈ ಚೆನ್ನಾಗಿ ಒರೆಸಿಕೊಂಡಳು. ಪತ್ರಿಕೆಯನ್ನು ಬಿಸಿಲಿಗೆ ಹಿಡಿದು, ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ವೀಣೆಯ ಪುಟ ಬಂದಾಗ ಅವಳ ಮುಖ ಬೆಳಗಿತು.

"ಅಯ್ಯ, ಇದು ನಮ್ಮ ರಾಣಿ ಹಾಡು!"

ಹಾಡೇಬಿಟ್ಟಳು. "ಬರುವೆನೆಂದು ಹೋದವನೇ, ಹಾದಿ ಮರೆತೆಯಾ..." ದನಿ ಒರಟು, ಶ್ರುತಿ ಮಾತ್ರ ಕೂದಲೆಳೆಯಷ್ಟೂ ಜಾರಲಿಲ್ಲ. ಮೊದಲ ನುಡಿ ವೀಣೆಯ ಕೊರಳನ್ನು ಸುತ್ತಿ ಇಳಿದಿತ್ತು. ಅವಳೂ ಕತ್ತು ಓರೆ ಮಾಡಿ ಓದುತ್ತ ಇಳಿದಳು. ನುಡಿ ಮುಗಿಯಿತು. ಹಾಡು ನಿಂತಿತು.

"ಪಲ್ಲವಿ ಎಲ್ಲೈತವಾ?"

"ಮ್ಯಾಲ ಐತೆಲ್ಲ. ಒಮ್ಮೆ ಬರದೇನಿ."

"ಒಮ್ಮೆ ಬರದರ? ನಾ ನುಡಿ ಮುಗಿಸಿ ಹೊಳ್ಳಿ ಎಲ್ಲಿಗೆ ಹೋಗ್ಲಿ?"

"ಬರದದ್ದನ್ನೇ ಬರದರ ಚಂದ ಕೆಡತೈತಿ, ಯವ್ವಾ."

ಸಾವಂತ್ರೆವ್ವ ಅವಳ ಮುಖವನ್ನೇ ನೋಡಿದಳು. ಆಮೇಲೆ ಪತ್ರಿಕೆಯನ್ನು ಮುಚ್ಚಿ, ಗಾಳಿಗೆ ಧೂಳು ಬೀಳದಂತೆ ಮುಚ್ಚಳವಾಗಿ ಹಿಟ್ಟಿನ ಬೋಗುಣಿಯ ಮೇಲೆ ಇಟ್ಟಳು.

ಹಿಟ್ಟಿನ ಬೋಗುಣಿಯ ಮೇಲೆ! ದಾಕ್ಷಾಯಣಿ ಅದನ್ನು ಕಿತ್ತುಕೊಂಡು ಹೊರಟಳು. ದೋಣಿಯಲ್ಲಿ ಕೂತು ಹೊದಿಕೆಗೆ ಹತ್ತಿದ ಹಿಟ್ಟನ್ನು ತಿಕ್ಕಿ ತಿಕ್ಕಿ ಒರೆಸಿದಳು.

ಮಾಸ್ತರರು ಬೇವಿನ ಕೆಳಗೆ ಕೂತಿದ್ದರು. ಅವಳು ನಮಸ್ಕಾರವನ್ನೂ ಮಾಡಲಿಲ್ಲ.

"ನನ್ನ ಮರ್ಯಾದಿ ಕಳೀಬೇಕಂತನೇ ಕಳಿಸಿದ್ರಿ, ಸರ್! ಸಹಿ ಹಾಕೋ ಮನಸ್ಸಿರಲಿಲ್ಲ ಅಂದ್ರ ಬಾಯಿಬಿಟ್ಟು ಹೇಳಬೇಕಿತ್ತು. ನಿಮಗ ಕಪ್ಪು ಹಾಳಿ ಹಿಡಸಲಿಲ್ಲ, ಹೊಸದು ಯಾವುದೂ ಹಿಡಸೂದಿಲ್ಲ. ಅದಕ್ಕ ನನ್ನ ಎಣ್ಣಿ ಒಲಿ ಮುಂದ ನಿಲ್ಲಿಸಿದ್ರಿ!"

ಮಾಸ್ತರರು ಪೂರಾ ಕೇಳಿದರು. ಆಮೇಲೆ ಎರಡೂ ಕೈ ಬಾಯಿಗೆ ಹಚ್ಚಿ ಕೂಗಿದರು.

"ಒನ್ಸ್ ಮೋರ್!"

ದಾಕ್ಷಾಯಣಿ ದಂಗಾದಳು. "ಏನ್ರಿ?"

"ಟೆಂಟಿನ್ಯಾಗ ಹಾಡು ಹಿಡಿಸಿದರ ಮಂದಿ ಹಿಂಗ ಕೂಗ್ತಾರ. ಕೂಗಿದರ ಹಾಡಾಕಿ ಮೊದಲಿಂದ ಹಾಡಬೇಕು. ಹೂಂ, ನಡೀಲಿ."

ಗೇಲಿ ಮಾಡುತ್ತಿದ್ದಾರೆ ಮುದುಕರು! ಅವಳ ಸಿಟ್ಟು ನೆತ್ತಿಗೇರಿತು. ಮೊದಲಿನಿಂದಲೇ ಹಿಡಿದಳು.

"ಅಕಿಗೇನು ತಿಳೀತೈತಿ? ವೀಣಿ ಅಂದ್ರ ಏನಂತ ಗೊತ್ತಿಲ್ಲ. ಕತ್ತು ಓರೆ ಮಾಡಿ ಓದಿದ್ಲು, ಹಾಡಿದ್ಲು, ನಡುವ ನಿಂತು ಪಲ್ಲವಿ ಎಲ್ಲಿ ಅಂತ ನನ್ನೇ ಕೇಳಿದ್ಲು. ಆಮ್ಯಾಲ ಹಿಟ್ಟಿನ ಮ್ಯಾಲ ಮುಚ್ಚಿದ್ಲು!"

"ಒನ್ಸ್ ಮೋರ್!"

"ಸಾಕ್ರಿ ಸರ್!" ಅವಳ ಕಣ್ಣಲ್ಲಿ ನೀರು ಬಂತು. ಆದರೂ ಮಾತು ನಿಲ್ಲಲಿಲ್ಲ. "ಮೂರು ತಿಂಗಳು ಕುಂತು ಬರದೇನಿ. ಅಕಿ ಒಂದೇ ಮಾತು ಕೇಳಿದ್ಲು. ಪಲ್ಲವಿಗೆ ಹೊಳ್ಳಿ ಬರಬೇಕಂತ ನನಗ ಹೆಂಗ ಗೊತ್ತಾಗಬೇಕು? ನಾನೇನು ಜಲ್ಮದಾಗ ಒಂದಾದರೂ ನಾಟಕ ಕೇಳೇನೇನು?"

ಹೇಳಿದ ಮೇಲೆ ತಾನು ಆಡಿದ ಮಾತು ಅವಳಿಗೇ ಕೇಳಿಸಿತು.

"ಹಂಗಾರ ಈ ವಿಷಯ ಯಾಕ ಹಿಡಿದಿ?" ಮಾಸ್ತರರು ಮೆಲ್ಲಗೆ ಕೇಳಿದರು.

"ಯಾರೂ ಹಿಡಿದಿರಲಿಲ್ರಿ. ಪರೀಕ್ಷಕರು ಮೆಚ್ಚತಾರಂತ."

"ಈಗ ಶ್ರುತಿ ಕೂಡ್ತು," ಎಂದು ಮಾಸ್ತರರು ಎದ್ದು ಒಳಗೆ ಹೋದರು.

ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು.

ಮರುದಿನ ಮೂರು ಗಂಟೆಯ ಆಟಕ್ಕೆ ದಾಕ್ಷಾಯಣಿ ಟೆಂಟಿನ ಹತ್ತಿರ ಹೋದಳು. ಸಾವಂತ್ರೆವ್ವ ಒಂದು ಬುಟ್ಟಿ ಮೆಣಸಿನಕಾಯಿ ಮುಂದಿಟ್ಟಳು. ಇವಳು ಸೀಳತೊಡಗಿದಳು. ಟೆಂಟಿನ ಬಟ್ಟೆಯ ಆಚೆ ಹಾರ್ಮೋನಿಯಂ ದನಿ ಎದ್ದಿತು.

"ಯವ್ವಾ, ನೀ ಒಳಗ ಹೋಗೂದಿಲ್ಲೇನು?"

"ಬಾಣಲಿ ಯಾರು ನೋಡ್ತಾರ? ಇಪ್ಪತ್ತೊಂಬತ್ತು ವರ್ಷ ಆತು. ಒಂದು ಆಟಾನೂ ಕಣ್ಣಿಂದ ನೋಡಿಲ್ಲ."

"ಒಂದೂ?"

"ಕೇಳೇನಲ್ಲ! ಸುಮ್ಮನ ಕುಂಡ್ರು, ಈಗ ರಾಜ ಸಾಯ್ತಾನ." ಒಳಗೆ ರಾಜ ಹಾಡಿದ, ಹಾಡಿ ಸತ್ತ. ಜನ ಟೆಂಟು ಹಾರುವಂತೆ ಕೂಗಿದರು. "ತಡಿ, ಈಗ ಎದ್ದು ಕುಂಡ್ರತಾನ ನೋಡು," ಎಂದಳು ಸಾವಂತ್ರೆವ್ವ. ಸತ್ತ ರಾಜ ಎದ್ದು ಇನ್ನೊಮ್ಮೆ ಹಾಡಿದ. ಎರಡನೆಯ ಸಲ ಪಲ್ಲವಿಗೆ ಮರಳಿದಾಗ ದಾಕ್ಷಾಯಣಿಯ ಕೈಯಲ್ಲಿದ್ದ ಚಾಕು ನಿಂತುಬಿಟ್ಟಿತು. ಅದೇ ಸಾಲು, ಅದೇ ರಾಗ. ಆದರೂ ಮೊದಲಿನದಲ್ಲ.

ಐದು ದಿನ ಹೀಗೇ ಹೋಗಿ ಕೂತಳು. ಆರನೆಯ ದಿನ ಹೊಸ ಹಾಳೆ ಕತ್ತರಿಸಿದಳು. ಬಿಳಿಯ ಹಾಳೆ, ಕಪ್ಪು ಮಸಿ, ಹೆಬ್ಬೆರಳ ಉಗುರಿನಷ್ಟು ಅಕ್ಷರ. ಒಂದು ಉಸಿರಿಗೆ ಒಂದು ಸಾಲು. ಪ್ರತಿ ನುಡಿಯ ಕೆಳಗೆ ಪಲ್ಲವಿ ಪೂರ್ತಿಯಾಗಿ ಮತ್ತೆ, ಮತ್ತೆ. ಚಿತ್ರಗಳಿಗೆ ಅಂಚಿನಲ್ಲಿ ಮಾತ್ರ ಜಾಗ ಉಳಿಯಿತು.

ಜೊತೆಯ ಶಿಷ್ಯರು ಬಗ್ಗಿ ನೋಡಿ ನಕ್ಕರು. "ಏನಿದು, ಭಜನಿ ಪುಸ್ತಕೇನು?"

"ಹೌದು, ಭಜನಿ ಪುಸ್ತಕ! ನಿಮ್ಮ ಪುಸ್ತಕದಾಗಿನದನ್ನ ಒಂದು ಸಾಲರ ಯಾರಾದರೂ ಬಾಯಿಬಿಟ್ಟು ಅಂದಾರೇನು? ಹೋಗ್ರಿ ಆ ಕಡೆ!"

ಈ ಸಲದ ಸಿಟ್ಟು ತನಗಾಗಿ ಬಂದದ್ದಲ್ಲ. ಅದು ಅವಳಿಗೇ ಗೊತ್ತಾಗಲಿಲ್ಲ. ಲೇಖನಿಯನ್ನು ಇನ್ನಷ್ಟು ಒತ್ತಿ ಬರೆದಳು.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಪತ್ರಿಕೆ ಸಿದ್ಧವಾಯಿತು. ಸಹಿಗೆ ಮೊದಲು ಅದನ್ನು ತೋರಿಸಬೇಕಾದ ಜಾಗ ಯಾವುದೆಂದು ಈಗ ಯಾರೂ ಹೇಳಬೇಕಾಗಿರಲಿಲ್ಲ. ಹೊಳೆ ದಾಟಿದಳು.

ಸಾವಂತ್ರೆವ್ವ ಬಾಣಲೆಯನ್ನು ಇಳಿಸಿಟ್ಟು ಕೂತಳು. ರಾಣಿಯ ಹಾಡು ತೆಗೆದಳು. ಪಲ್ಲವಿ, ನುಡಿ, ಪಲ್ಲವಿ. ಎಲ್ಲೂ ನಿಲ್ಲಲಿಲ್ಲ, ಕತ್ತು ಓರೆಯಾಗಲಿಲ್ಲ. ಮುಗಿಸಿದಳು. ಮತ್ತೆ ಮೊದಲಿನಿಂದ ಹಾಡಿದಳು. ಮೂರನೆಯ ಸಲ ಮುಗಿದಾಗ ಪತ್ರಿಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ಮೇಲೆ ಸೆರಗು ಎಳೆದಳು.

"ಕೊಡು ಯವ್ವಾ, ಹೋಗ್ತೀನಿ."

"ಕೊಡಾಂಗಿಲ್ಲ."

ದಾಕ್ಷಾಯಣಿ ನಕ್ಕಳು. ಸಾವಂತ್ರೆವ್ವ ನಗಲಿಲ್ಲ.

"ಯವ್ವಾ, ನಾಳೆ ಹತ್ತಕ್ಕ ನನ್ನ ಪರೀಕ್ಷೆ. ಇದೊಂದೇ ಪ್ರತಿ. ಇದಿಲ್ಲಂದ್ರ ನನ್ನ ಬಾಳೇ ಹೋತು!"

"ಇನ್ನೊಂದು ಬರಕೊ. ನಿನಗ ಕೈ ಐತಿ."

"ರಾತ್ರಿ ಕಳೆಯೂದ್ರಾಗ ಹೆಂಗ ಬರೀಲಿ? ಆರು ದಿನದ ಕೆಲಸ ಇದು! ಇದೆಲ್ಲಿಯ ನ್ಯಾಯ?"

"ನ್ಯಾಯ?" ಸಾವಂತ್ರೆವ್ವನ ದನಿ ಏರಿತು. "ನ್ಯಾಯದ ಮಾತು ನನ್ನ ಮುಂದ ಆಡಬ್ಯಾಡ ತಂಗಿ. ಇಪ್ಪತ್ತೊಂಬತ್ತು ವರ್ಷ ಹೊರಗ ಕುಂತೇನಿ. ಒಳಗಿನವರು ಕೂಗಿದರ ಸತ್ತಾಂವ ಎದ್ದು ಹಾಡತಾನ. ಹೊರಗ ಕುಂತಾಕಿ ಕೂಗಿದ್ದು ಯಾರಿಗೆ ಕೇಳತೈತಿ? ಗಂಟಲು ಹರಕೊಂಡು ಕೂಗೇನಿ, ಒಬ್ಬರೂ ನನಗಂತ ಹಾಡಿಲ್ಲ. ಇದು ಹಾಡತೈತಿ. ಒಮ್ಮೆ ಕೂಗಿದರ ಒಮ್ಮೆ, ನೂರು ಸಲ ಕೂಗಿದರ ನೂರು ಸಲ. ನಾ ಕೊಡಾಂಗಿಲ್ಲ. ಪೊಲೀಸರನ್ನ ಕರಕೊಂಡು ಬಾ, ಹೋಗು."

ದಾಕ್ಷಾಯಣಿ ಕೈ ಚಾಚಿದಳು. ಆ ಮಡಿಲಿನವರೆಗೆ ಹೋದ ಕೈ ಮುಂದೆ ಹೋಗಲಿಲ್ಲ. ಬರಿಗೈಯಲ್ಲಿ ದೋಣಿ ಹತ್ತಿದಳು.

ಮಾಸ್ತರರು ಕುಂಚ ತೊಳೆಯುತ್ತಿದ್ದರು.

"ಎಲ್ಲಾ ನಿಮ್ಮಿಂದ!" ಅವಳು ಹೊಸ್ತಿಲಲ್ಲೇ ಸಿಡಿದಳು. "ಮೊದಲನೇದು ಕೊಟ್ಟೆ, ಹಿಟ್ಟಿನ ಮ್ಯಾಲ ಮುಚ್ಚಿದ್ಲು, ನೀವೂ ಸಹಿ ಹಾಕಲಿಲ್ಲ. ಎರಡನೇದು ಕೊಟ್ಟೆ, ಕಸಗೊಂಡು ಕುಂತ್ಲು! ನಾಳೆ ಅಪ್ಪ ಬರತಾನ. ನಾ ಪರೀಕ್ಷಕರಿಗೆ ಏನು ತೋರಿಸ್ಲಿ? ಹೇಳ್ರಿ. ಈಗ ನೀವು ಸಹಿ ಎಲ್ಲಿ ಹಾಕ್ತೀರಿ?"

ಮಾಸ್ತರರು ಕೈ ಒರೆಸಿಕೊಂಡರು. ಒಳಗಿನ ಕೋಣೆಯ ಕಪಾಟಿನ ಬಾಗಿಲು ತೆರೆದರು. ಮೇಲಿನಿಂದ ಕೆಳಗಿನವರೆಗೆ ಪತ್ರಿಕೆಗಳು. ಎಲ್ಲ ಹಳೆಯ ಶಿಷ್ಯರವು, ಪರೀಕ್ಷೆಯಲ್ಲಿ ಪಾಸಾಗಿ ಮರಳಿ ಬಂದವು. ಒಂದರ ಅಂಚೂ ಮಡಚಿರಲಿಲ್ಲ. ಒಂದರ ಮೇಲೂ ಬೆರಳಿನ ಗುರುತಿರಲಿಲ್ಲ.

ಅವಳು ಒಂದನ್ನು ತೆಗೆದು ಕೊನೆಯ ಪುಟ ನೋಡಿದಳು. ಇನ್ನೊಂದನ್ನು ನೋಡಿದಳು. ಮತ್ತೊಂದನ್ನು.

"ಎಲ್ಲಾದರಾಗೂ ನಿಮ್ಮ ಸಹಿ ಐತ್ರಿ," ಎಂದಳು.

"ಐತಿ," ಎಂದರು ಮಾಸ್ತರರು. "ಇವತ್ತಿನ ತನಕ ಒಂದನ್ನೂ ಯಾರೂ ಕಸಗೊಂಡಿಲ್ಲ."