ಗಳಿಗೆ ಬಟ್ಟಲು ಕಾದವರು

ಹೊಳೆಯ ಈಚೆ ದಂಡೆಯಲ್ಲಿ ಒಬ್ಬ ಅಜ್ಜನ ಆಶ್ರಮವಿತ್ತು. ಆಶ್ರಮ ಅಂದರೆ ಎರಡು ಗುಡಿಸಲು, ಒಂದು ಹೊಂಗೆಮರ, ನಾಲ್ಕು ಆಕಳು. ಶಿಷ್ಯರು ಇಷ್ಟೇ ಅಂತ ಹೇಳಲು ಬರುವುದಿಲ್ಲ. ಊಟದ ಹೊತ್ತಿಗೆ ಜಾಸ್ತಿ ಇರುತ್ತಿದ್ದರು.

ಅವರಲ್ಲಿ ಒಬ್ಬ ಅಮಾವಾಸ್ಯೆಗೊಮ್ಮೆ ಬಂದು, ಅಜ್ಜನ ಕಾಲಿಗೆ ಬಿದ್ದು, ಕೂಡದೆ ಓಡಿಹೋಗುತ್ತಿದ್ದ. ಹೆಸರು ಅಡಿವೆಪ್ಪ. ಆಚೆ ದಂಡೆಯ ಕೋಟೆಯಲ್ಲಿ ಗಳಿಗೆ ನೋಡುವವನು.

ಊರೂರಿಗೆ ಗಡಿಯಾರ ಬಾರದ ಕಾಲ ಅದು. ನೀರು ತುಂಬಿದ ಹಂಡೆಯಲ್ಲಿ ತಾಮ್ರದ ತೆಳ್ಳನೆಯ ಬಟ್ಟಲನ್ನು ತೇಲಿಬಿಡುತ್ತಿದ್ದರು. ಬಟ್ಟಲಿನ ತಳದಲ್ಲಿ ಸೂಜಿಮೊನೆಯಷ್ಟು ತೂತು. ಅದರಿಂದ ನೀರು ಏರಿ ಏರಿ ಬಟ್ಟಲು ಮುಳುಗಿದರೆ ಒಂದು ಗಳಿಗೆ ಆಯಿತು ಅಂತ ಲೆಕ್ಕ. ಕೂಡಲೇ ಜಾಗಟೆ ಬಾರಿಸಬೇಕು, ಬಟ್ಟಲು ಎತ್ತಿ ಬರಿದು ಮಾಡಿ ಮತ್ತೆ ತೇಲಿಬಿಡಬೇಕು. ಹಗಲಿಗೆ ಮೂವತ್ತು, ರಾತ್ರಿಗೆ ಮೂವತ್ತು. ಮುಳುಗಿದ ಬಟ್ಟಲು ರೆಪ್ಪೆ ಬಡಿಯುವಷ್ಟು ಹೊತ್ತೂ ತಳದಲ್ಲಿ ಇರಬಾರದು ಎಂಬುದು ಆ ಕಸುಬಿನ ಮೊದಲ ನೇಮ.

ಇಪ್ಪತ್ತೆರಡು ವರ್ಷ ಅಡಿವೆಪ್ಪ ಆ ನೇಮ ತಪ್ಪಿರಲಿಲ್ಲ. ಆತ ಮಲಗಿದಾಗ ಹೆಂಡತಿ ನಿಂಬೆವ್ವ ಬಟ್ಟಲು ಕಾಯುತ್ತಿದ್ದಳು. ಆಕೆ ಮಲಗಿದಾಗ ಆತ. ಮಕ್ಕಳಿರಲಿಲ್ಲ. ಯಾಕಿಲ್ಲ ಅಂತ ಕೋಟೆಯ ಹೆಂಗಸರು ಕೇಳುತ್ತಿದ್ದರು. ಬಟ್ಟಲನ್ನು ಕೇಳಿದ್ದರೆ ಹೇಳುತ್ತಿತ್ತು.

ಒಂದು ದಿನ ಕೋಟೆಗೆ ದೂರದೇಶದಿಂದ ಗಡಿಯಾರ ಬಂತು. ತನ್ನಷ್ಟಕ್ಕೆ ತಾನೇ ಬಾರಿಸಿಕೊಳ್ಳುವ ಗಡಿಯಾರ. ಮಧ್ಯಾಹ್ನ ಅದನ್ನು ಗೋಡೆಗೆ ತೂಗುಹಾಕಿದರು. ಸಂಜೆಯೊಳಗೆ ಮನೆ ಬಿಡು ಅಂತ ಅಡಿವೆಪ್ಪನಿಗೆ ಹೇಳಿಕಳಿಸಿದರು. ಕೆಲಸದ ಜೊತೆ ಬಂದ ಮನೆ ಕೆಲಸದ ಜೊತೆಗೇ ಹೋಯಿತು.

ಮರುದಿನ ಅಮಾವಾಸ್ಯೆ ಇರಲಿಲ್ಲ. ಆದರೂ ಅಡಿವೆಪ್ಪ ಬಂದ. ಹರಗೋಲು ಸಿಗದೆ ಮೇಲುಗಡೆ ಎಲ್ಲೋ ಹೊಳೆ ಹಾಯ್ದಿದ್ದ, ಎದೆಯವರೆಗೆ ಒದ್ದೆ. ಕಂಕುಳಲ್ಲಿ ತಾಮ್ರದ ಬಟ್ಟಲು.

ಅಜ್ಜ ಆಕಳ ಮೈ ತಿಕ್ಕುತ್ತಿದ್ದ.

"ಅಜ್ಜಾರ, ಒಂದು ಮಾತು ಕೇಳಬೇಕಿತ್ರಿ. ಆ ಗಡಿಯಾರ ಯಾವಾಗ ಕೆಡತೈತಿ?"

"ಊಟ ಆತೇನು?"

"ಊಟಕ್ಕ ಇನ್ನೂ ಎರಡು ಗಳಿಗಿ ಐತ್ರಿ."

"ನಾ ಹೊತ್ತು ಕೇಳಲಿಲ್ಲೋ ತಮ್ಮಾ. ಹಸಿವು ಕೇಳಿದೆ."

ಅಡಿವೆಪ್ಪ ಹೊಟ್ಟೆ ಮುಟ್ಟಿ ನೋಡಿಕೊಂಡ. ಅವನಿಗೆ ಗೊತ್ತಾಗಲಿಲ್ಲ.

"ನಿಂಬೆವ್ವ ಎಲ್ಲಿ?"

"ಆಚಿ ದಂಡಿ ಛತ್ರದಾಗ ಬಿಟ್ಟು ಬಂದೀನ್ರಿ. ಮೂರು ದಿನ ಇರಾಕ ಬಿಡ್ತಾರ. ನಾಡಿದ್ದು ಮಧ್ಯಾಹ್ನ ಗಂಟು ಹೊರಗ ಇಡ್ತಾರ."

"ಆಕಿಗೆ ಏನ್ ಹೇಳಿ ಬಂದಿ?"

"ದೊರಿಗಳನ್ನ ಕಂಡು ಬರ್ತೀನಿ, ಕೆಲಸ ಮರಳಿ ಕೊಡ್ತಾರ ಅಂತ."

"ಕಂಡ್ಯಾ?"

ಅಡಿವೆಪ್ಪ ನೆಲ ನೋಡಿದ. "ಅಗಸಿ ಬಾಗಲದಾಗ ಕಾವಲುಗಾರ ತಡದ್ರಿ. ಇಪ್ಪತ್ತೆರಡು ವರ್ಷ ನನ್ನ ಜಾಗಟಿ ಕೇಳಿ ಬಾಗಲ ತೆಗದಾಂವ. 'ನೀ ಯಾರು' ಅಂದ."

"ನೀ ಏನಂದಿ?"

"ಬಾಯಾಗಿಂದ ಮಾತ ಹೊಂಡಲಿಲ್ರಿ."

"ಇದನ್ನ ಹೋಗಿ ನಿಂಬೆವ್ವಗ ಹೇಳು."

"ಯಾವ ಮಾರಿ ಹೊತ್ತು ಹೋಗ್ಲಿ ಅಜ್ಜಾರ? ಗಳಿಗಿ ಅಡಿವೆಪ್ಪ ಅಂತಿದ್ರು. ಕೆಲಸ ಹೋತು, ಮನಿ ಹೋತು. ಈಗ ನಾ ಬರೇ ಅಡಿವೆಪ್ಪ."

ಅಜ್ಜ ಆಕಳ ಬೆನ್ನ ಮೇಲೆ ನೀರು ಸುರಿದ. "ಬರೇ ಅಡಿವೆಪ್ಪನ್ನ ನಾ ಇನ್ನೂ ನೋಡಿಲ್ಲ. ಎಲ್ಯಾರ ಸಿಕ್ರ ಕರಕೊಂಡು ಬಾ."

ಸುಮ್ಮನೆ ಕೂತರೆ ಅಡಿವೆಪ್ಪನಿಗೆ ಎದೆ ಒಡೆದಂತಾಗುತ್ತಿತ್ತು. ಅಡುಗೆಮನೆಯಿಂದ ಹುಣಸೆಹಣ್ಣು ತಂದು ಬಟ್ಟಲು ತಿಕ್ಕಿದ. ಆಕಳು ನೀರು ಕುಡಿಯುವ ಕಲ್ಲಿನ ಬಾನಿಗೆ ಸೋಸಿದ ನೀರು ತುಂಬಿದ. ಬಟ್ಟಲನ್ನು ತೇಲಿಬಿಟ್ಟು, ಮಂಗಳಾರತಿಗೆ ಇಟ್ಟಿದ್ದ ಜಾಗಟೆಯನ್ನು ಹೊಂಗೆಯ ಟೊಂಗೆಗೆ ಕಟ್ಟಿದ.

ಸಂಜೆಯೊಳಗೆ ಆಶ್ರಮಕ್ಕೆ ಆಶ್ರಮವೇ ಕೋಟೆಯಾಯಿತು. ಗಳಿಗೆ ನೋಡಿ ಹಾಲು ಕರೆದರು. ಹಸಿವಾದಾಗ ಧ್ಯಾನ ಮುಗಿಸುತ್ತಿದ್ದ ಒಬ್ಬ ಶಿಷ್ಯ ಪಾಪ ಪೂರ್ತಿ ಎರಡು ಗಳಿಗೆ ಕಣ್ಣು ಮುಚ್ಚಿ ಕೂಡಬೇಕಾಯಿತು. ಅವನು ಅಜ್ಜನ ಕಡೆ ನೋಡಿದ. ಅಜ್ಜ ಆಕಳ ಕಡೆ ನೋಡಿದ.

ಅಡಿವೆಪ್ಪ ಅವತ್ತು ಕಣ್ಣಿಗೆ ಕಣ್ಣು ಹಚ್ಚಲಿಲ್ಲ. ಬಟ್ಟಲು ಒಪ್ಪಿಸಲು ನಿಂಬೆವ್ವ ಇರಲಿಲ್ಲವಲ್ಲ.

ಎರಡನೆಯ ದಿನ ಮಧ್ಯಾಹ್ನ. ಹದಿನೈದು ಬಾರಿಸಿಯಾಗಿತ್ತು. ಅಜ್ಜ ಬಂದು ಬಾನಿಯ ಹತ್ತಿರ ಕುಕ್ಕರಗಾಲಲ್ಲಿ ಕೂತ.

ಗಾಳಿ ಇರಲಿಲ್ಲ. ಹೊಂಗೆಯ ಹೂವು ಒಂದೊಂದೇ ಉದುರಿ ನೀರಿನ ಮೇಲೆ ನಿಲ್ಲುತ್ತಿತ್ತು. ಇಬ್ಬರೂ ಬಟ್ಟಲನ್ನೇ ನೋಡುತ್ತ ಕೂತರು. ನೀರು ಬಟ್ಟಲಿನ ಅಂಚಿಗೆ ಬಂತು. ಅಂಚು ಒಮ್ಮೆ ನಡುಗಿತು. ಬಟ್ಟಲು ಮುಳುಗಿತು.

ಅಡಿವೆಪ್ಪನ ಕೈ ಮೇಲೆದ್ದಿತು. ಅಜ್ಜ ಮುಂಗೈ ಹಿಡಿದುಕೊಂಡ.

"ಅಜ್ಜಾರ, ತಳ ಸೇರೇತ್ರಿ."

"ಸೇರ್ಲಿ."

"ಎತ್ತಬೇಕ್ರಿ!"

"ಯಾರಿಗೆ ಬೇಕು?"

ಅಡಿವೆಪ್ಪ ಕೈ ಬಿಡಿಸಿಕೊಳ್ಳಲು ನೋಡಿದ. ಆಕಳ ಹಗ್ಗ ಹಿಡಿದ ಕೈ ಅಜ್ಜನದು, ಬಿಡಲಿಲ್ಲ.

"ಒಳಗ ಏನೈತಿ, ನೋಡಿ ಹೇಳು."

"ಬಟ್ಟಲ ಐತ್ರಿ."

"ಮತ್ತ?"

"ಟೊಂಗಿ ನೆರಳ ಐತಿ." ಅವನ ಉಸಿರು ಸ್ವಲ್ಪ ನಿಧಾನವಾಯಿತು. "ಒಳಗಿನ ನೀರ ಯಾವದು, ಹೊರಗಿನ ನೀರ ಯಾವದು, ಗೊತ್ತಾಗವಲ್ದ್ರಿ."

"ಬಟ್ಟಲ ಏನ್ ಮಾಡಾಕತ್ತೈತಿ?"

"ಸುಮ್ನ ಮಲಗೈತ್ರಿ."

"ಪಾಪ," ಅಂದ ಅಜ್ಜ. "ಎಷ್ಟು ವರ್ಷಾತೋ ಅದಕ್ಕ ನಿದ್ದಿ ಇಲ್ಲದ?"

ಅಡಿವೆಪ್ಪ ಅತ್ತ. ಕೆಲಸ ಹೋದಾಗ ಅತ್ತಿರಲಿಲ್ಲ, ಮನೆ ಬಿಡುವಾಗ ಅತ್ತಿರಲಿಲ್ಲ. ಈಗ ಬಾನಿಯ ಕಲ್ಲಿಗೆ ಹಣೆ ಹಚ್ಚಿ, ಕರು ಅರಚಿದಂತೆ ಅತ್ತ. ಅಜ್ಜ ಎದ್ದುಹೋಗಿ ಆಕಳಿಗೆ ಮೇವು ಹಾಕಿದ.

ಅವತ್ತು ಮತ್ತೆ ಜಾಗಟೆ ಬಾರಿಸಲಿಲ್ಲ. ಬಿಸಿಲು ಮರಳಿನ ಮೇಲೆ ಸರಿದುಹೋಯಿತು. ಹೊಳೆ ಹರಿಯುತ್ತಿದೆಯೋ ನಿಂತಿದೆಯೋ ಅಡಿವೆಪ್ಪನಿಗೆ ತಿಳಿಯದಾಯಿತು. ಒಂದು ಬೆಳ್ಳಕ್ಕಿ ನೀರಿನಲ್ಲಿ ಒಂಟಿಕಾಲಲ್ಲಿ ನಿಂತಿತ್ತು. ನೋಡನೋಡುತ್ತ ತಾನೇ ಅಲ್ಲಿ ನಿಂತಂತೆ ಅನ್ನಿಸಿತು.

ನೆರಳು ಉದ್ದವಾದ ಮೇಲೆ ಕೇಳಿದ. "ಅಜ್ಜಾರ, ಈಗ ಹೊತ್ತು ಎಷ್ಟಾತ್ರಿ?"

"ನನ್ನ ಕೇಳ್ತಿಯಲ್ಲೋ!" ಅಂತ ಅಜ್ಜ ಹೊಟ್ಟೆ ಹಿಡಿದು ನಕ್ಕ.

ಮೂರನೆಯ ದಿನ ಬೆಳಿಗ್ಗೆ ಅಡಿವೆಪ್ಪ ಹೊಳೆಯ ತನಕ ಹೋದ. ಪಾದ ತೋಯಿಸಿಕೊಂಡು ಹಿಂದೆ ಬಂದ. ಮತ್ತೆ ಹೋದ, ಮತ್ತೆ ಬಂದ. ಹೇಳಬೇಕಾದ ಮಾತು ಮೂರೇ ಮೂರು. ಅವನ್ನು ನಿಂಬೆವ್ವನ ಮುಂದೆ ಹೇಳುವುದು ಹೊಳೆ ಈಜುವುದಕ್ಕಿಂತ ಕಷ್ಟವಾಗಿತ್ತು.

ಆಗ ಮಂಜಿನೊಳಗಿಂದ ಹರಗೋಲು ಬಂತು. ಹುಟ್ಟು ಹಾಕುತ್ತಿದ್ದವನು ಅಂಬಿಗರ ಹುಲಗಪ್ಪ. ಅವನ ಮುಂದೆ ಒಬ್ಬ ಹೆಂಗಸು ನಿಂತೇ ಇದ್ದಳು. ಹರಗೋಲಿನಲ್ಲಿ ಯಾರೂ ನಿಲ್ಲುವುದಿಲ್ಲ, ತಿರುಗಿ ಬೀಳುತ್ತಾರೆ.

ಅದು ನಿಂಬೆವ್ವ. ದಂಡೆ ಮುಟ್ಟುವ ಮೊದಲೇ ಮೊಣಕಾಲ ನೀರಿಗೆ ಜಿಗಿದು ಬಂದಳು. ಬಂದವಳೇ ಎರಡೂ ಮುಷ್ಟಿಯಿಂದ ಗಂಡನ ಎದೆ ಗುದ್ದಿದಳು.

"ಯಾಕ ನಿಲ್ಸಿದ್ರಿ?"

"ಏನ?"

"ಜಾಗಟಿ!"

ಹೊಳೆ ಮನುಷ್ಯರನ್ನು ತಡೆಯುತ್ತದೆ, ಸಪ್ಪಳವನ್ನು ತಡೆಯುವುದಿಲ್ಲ. ಅಡಿವೆಪ್ಪನಿಗೆ ಇದು ಹೊಳೆದೇ ಇರಲಿಲ್ಲ.

"ಮೊದಲನೇ ಏಟಿಗೇ ನಿಮ್ಮ ಕೈ ಅಂತ ತಿಳೀತ್ರಿ," ಅಂದಳು ನಿಂಬೆವ್ವ. "ದೊರಿಗಳ ಹಂತ್ಯಾಕ ಇಲ್ಲ, ಅಜ್ಜಾರ ಹಂತ್ಯಾಕ ಕುಂತಾರ ಅಂತ ತಿಳೀತು. ಸುಳ್ಳು ಹೇಳಿದ್ರ ಹೇಳ್ಲಿ, ಜೀವಂತ ಅದಾರಲ್ಲ ಅಂತ ಒಂದೊಂದ ಏಟು ಎಣಿಸ್ಕೋತ ಕುಂತಿದ್ದೆ. ನಿನ್ನಿ ಹದಿನೈದು ಬಾರಿಸಿದ್ರಿ. ಹದಿನಾರು ಬರಲೇ ಇಲ್ಲ."

ಮತ್ತೊಮ್ಮೆ ಗುದ್ದಿದಳು.

"ಹೊಳಿಗೆ ಬಿದ್ರಿ ಅಂದ್ಕೊಂಡೆ."

ಸಪ್ಪಳ ಕೇಳಿ ಅಜ್ಜನೂ ದಂಡೆಗೆ ಬಂದ. ಹುಲಗಪ್ಪ ಹುಟ್ಟು ಕೆಳಗಿಟ್ಟ. "ಹರಗೋಲಿನ ತೊಗಲ ಹರದಿತ್ರಿ ಅಜ್ಜಾರ, ಹೊಲ್ಯಾಕ ಕುಂತಿದ್ದೆ, ನಿನ್ನಿ ದಾಟಿಸಾಕ ಆಗಲಿಲ್ಲ. ಈ ಯವ್ವ ಹೊತ್ತು ಮುಳುಗೂತನಕ ನೀರು ನೋಡ್ಕೋತ ನಿಂತಿದ್ಲು. ಹೆಣ ತೇಲಿ ಬರತೈತೇನಂತ."

ಇಡೀ ಕೋಟೆ ತನ್ನ ಜಾಗಟೆ ಕೇಳುತ್ತದೆ ಅಂತ ಅಡಿವೆಪ್ಪನಿಗೆ ಇಪ್ಪತ್ತೆರಡು ವರ್ಷ ಹೆಮ್ಮೆ ಇತ್ತು. ಕೇಳುತ್ತಿದ್ದವಳು ಒಬ್ಬಳೇ ಎಂಬುದು ಈಗ ಗೊತ್ತಾಯಿತು. ಅವನಿಗೆ ನಾಚಿಕೆಯಾಯಿತು, ಸಂತೋಷವೂ ಆಯಿತು.

"ನಿಂಬೀ, ಕೆಲಸ ಹೋತು. ಮರಳಿ ಕೊಡೂದಿಲ್ಲ."

"ನನಗ ಗೊತ್ತಿಲ್ಲದ್ದು ಏನರ ಇದ್ರ ಹೇಳ್ರಿ."

"ಅಗಸಿ ಕಾವಲುಗಾರ ನನಗ 'ನೀ ಯಾರು' ಅಂದ."

ಇದು ಆಕೆಗೆ ಗೊತ್ತಿರಲಿಲ್ಲ. ಸೆರಗಿನಿಂದ ಅವನ ಮುಖ ಒರೆಸಿದಳು. "ಅಂವಗ ಕಣ್ಣಿಲ್ಲ, ಬಿಡ್ರಿ."

ಆಮೇಲೆ ಒದ್ದೆ ಸೀರೆಯ ಅಂಚು ಹಿಂಡುತ್ತ ಹೇಳಿದಳು. "ಛತ್ರದ ಹಿಂದ ಕಂಚಗಾರರ ಓಣಿ ಐತಿ. ಸೋರೂ ಕೊಡಾ ಬೆಸಿಯಾಕ ಕಣ್ಣು ಚಲೋ ಇದ್ದಾವ್ರು ಬೇಕಂತ. ಸೋಮಾರದಿಂದ ಬರ್ತಾರ ಅಂತ ಮೊನ್ನೇನ ಹೇಳಿ ಬಂದೀನಿ."

"ನಾನು ಕೋಟಿ ಗಳಿಗಿ ನೋಡಿದಾಂವ. ಮಂದಿ ಕೊಡಾ ಬೆಸಿಯಾಕ ಹೋಗ್ಲೇನು?"

"ಇಪ್ಪತ್ತೆರಡು ವರ್ಷ ಒಂದ ತೂತು ಕಾದ್ರಿ. ಇನ್ನ ಮ್ಯಾಲ ದಿನಕ್ಕ ಹತ್ತು ತೂತು ಮುಚ್ರಿ. ಪುಣ್ಯಾರ ಬರತೈತಿ."

ಮೊದಲು ನಕ್ಕವನು ಹುಲಗಪ್ಪ. ಅಡಿವೆಪ್ಪ ತಡೆದು ನೋಡಿದ, ಆಗಲಿಲ್ಲ. ಅವನೂ ನಕ್ಕ, ಕಣ್ಣಲ್ಲಿ ನೀರು ಬರುವ ತನಕ.

"ಬಂದ ನೋಡು ಬರೇ ಅಡಿವೆಪ್ಪ," ಅಂದ ಅಜ್ಜ. "ಎಲಿ ಹಾಕ್ರಿ ಅಂವಗ."

"ಕೆಲಸ ಕೊಡ್ತಾರಂತ, ಮನಿ ಕೊಡೂದಿಲ್ಲಂತ ಅಜ್ಜಾರ," ಅಂದಳು ನಿಂಬೆವ್ವ. "ಇವತ್ತು ಮಧ್ಯಾಹ್ನಕ್ಕ ಛತ್ರದಾವ್ರು ನಮ್ಮ ಗಂಟು ಹೊರಗ ಹಾಕ್ತಾರ. ಅದಕ್ಕೊಂದು ದಾರಿ ಕಾಣವಲ್ದು."

ಗಂಟನ್ನಾದರೂ ತರುತ್ತೇನೆ ಅಂತ ಹುಲಗಪ್ಪ ಹರಗೋಲು ತಿರುಗಿಸಿದ.

ನುಚ್ಚು, ಮಜ್ಜಿಗೆ. ಗಂಡ ಹೆಂಡತಿಗೆ ಒಂದೇ ಸಾಲಿನಲ್ಲಿ ಎಲೆ ಹಾಕಿದರು. ಮದುವೆಯ ದಿನ ಬಿಟ್ಟರೆ ಅವರು ಹಾಗೆ ಕೂತು ಉಂಡದ್ದೇ ಇಲ್ಲ. ನಾಲ್ಕು ತುತ್ತಿಗೆ ನಿಂಬೆವ್ವ ಅರ್ಧ ಎದ್ದಳು. "ಬಟ್ಟಲ..." ಅಂದಳು. ಅಡಿವೆಪ್ಪನೂ ಎದ್ದ.

"ಕೂಡ್ರಿ," ಅಂದ ಅಜ್ಜ. "ಅದಿನ್ನೂ ಎದ್ದಿಲ್ಲ."

ಊಟವಾದ ಮೇಲೆ ಹೊಂಗೆಯ ನೆರಳಿನ ಮರಳಿನಲ್ಲಿ ಬೆನ್ನು ಚಾಚಿದರು.

"ನೀವು ಮಲಗ್ರಿ. ನಾ ಎಚ್ಚರ ಇರ್ತೀನಿ."

"ಬ್ಯಾಡ, ನೀ ಮಲಗು. ನಾ ಇರ್ತೀನಿ."

"ನಿಮ್ಮ ಕಣ್ಣು ನೋಡ್ಕೋರಿ, ಹೆಂಗ ಕೆಂಪಾಗ್ಯಾವ."

"ನಿನ್ನವೇನು ಕಡಿಮಿ..."

ಜಗಳ ಮುಗಿಯಲಿಲ್ಲ. ಇಬ್ಬರಿಗೂ ಒಟ್ಟಿಗೆ ನಿದ್ದೆ ಬಂತು.

ಹೊಳೆಯ ಕಡೆಯಿಂದ ತಂಪು ಗಾಳಿ ಎದ್ದಿತು. ಹೂವು ಇಬ್ಬರ ಮೇಲೂ ಉದುರಿತು. ಒಂದು ಆಕಳು ಬಂದು ಅವರ ಪಾದ ಮೂಸಿ ದೂರ ಹೋಯಿತು. ಅಜ್ಜ ಸ್ವಲ್ಪ ಅತ್ತ ಕೂತು ಹಗ್ಗ ಹೊಸೆಯುತ್ತಿದ್ದ.

ಹುಲಗಪ್ಪ ತಲೆಯ ಮೇಲೆ ಗಂಟು, ಕೈಯಲ್ಲಿ ಹೊದೆಯುವ ಒಂದು ಕೌದಿ ಹಿಡಿದು ದಂಡೆ ಹತ್ತಿ ಬಂದ. ಎರಡು ಗುಡಿಸಲು ನೋಡಿದ, ಎರಡೂ ತುಂಬಿದ್ದವು. ಮರ ನೋಡಿದ, ಬಯಲು ನೋಡಿದ.

"ಅಜ್ಜಾರ, ಛತ್ರದಾವ್ರು ಹೊರಗ ಹಾಕಿಬಿಟ್ರು. ಇವರಿಗೆ ಮನಿ ಇಲ್ಲ, ಮಠ ಇಲ್ಲ. ಇದನ್ನ ಎಲ್ಲಿ ಇಡ್ಲಿ?"

"ಸಪ್ಪಳ ಮಾಡಬ್ಯಾಡೋ," ಅಂದ ಅಜ್ಜ ಪಿಸುದನಿಯಲ್ಲಿ. "ಅವರ ಮನ್ಯಾಗ ಅವರು ಮಲಗ್ಯಾರ. ಬಾಗಲದಾಗ ಇಟ್ಟು ಹೋಗು."